ಒನ್ಸ್ ಮೋರ್ ಒದರಿದಾಕಿ

ಶೇಂಗಾ ಹೋಳಿಗಿ ಆರ್ಡರ್ ಇತ್ತಂತ ರಜನಿ ಮುಂಜಾನೆ ಲಗೂನ ಎದ್ದು ಲಟ್ಟಿಸಾಕ ಕುಂತಿದ್ಲು. ಮೊದಲನೇ ಹೋಳಿಗಿ ಹಂಚಿನ ಮ್ಯಾಲ ಬಿತ್ತೋ ಇಲ್ಲೋ, ಬಾಜೂಕ ಇಟ್ಟ ಮೊಬೈಲ್ ಟಿಣ್ ಅಂತು. ಮತ್ತ ಟಿಣ್ ಅಂತು. ಆಮ್ಯಾಲ ನಿಂದರಲೇ ಇಲ್ಲ. 'ಯಾರರ ಹೋದ್ರೋ ಏನೋ ಶಿವನ' ಅಂತ ಹಿಟ್ಟಿನ ಕೈಲೇ ಎತ್ತಿ ನೋಡಿದ್ರ, ಯಾರೂ ಹೋಗಿದ್ದಿಲ್ಲ. ಒಂದು ಪುಸ್ತಕದ ಒಂದು ಪುಟದ ಫೋಟೋ ಬಂದಿತ್ತು, ಅದರ ಕೆಳಗ ಮಂದಿ ಎಲ್ಲಾ ಕೂಡಿ ಬಾಯಿ ಮಾಡಾಕತ್ತಿದ್ರು. ಹಂಚಿನ ಮ್ಯಾಲಿನ ಹೋಳಿಗಿ ಕರ್ರಗಾತು.

ಫೋಟೋ ಬಂದಿದ್ದು 'ಎರಿಮಣ್ಣ ಅಭಿಮಾನಿ ಬಳಗ' ಅನ್ನೂ ವಾಟ್ಸ್ಯಾಪ್ ಗುಂಪಿಗೆ. ಎರಿಮಣ್ಣ ಅಂದ್ರ ಹೊಲದಾಗಿನ ಮಣ್ಣಲ್ಲ ಮತ್ತ. ಹುಬ್ಬಳ್ಳಿ-ಧಾರವಾಡದ ರಾಕ್ ಬ್ಯಾಂಡ್. ಉದ್ದ ಕೂದಲಾ ಬಿಟ್ಟ ನಾಕು ಹುಡುಗರು, ಗಿಟಾರು, ಡ್ರಮ್ಮು, ಹಾಡೂದು ಮಾತ್ರ ನಮ್ಮ ಮಾತಿನ್ಯಾಗ. ಹುಬ್ಬಳ್ಯಾಗ ಕಡೀ ಬಸ್ ತಪ್ಪಿಸಿಕೊಂಡಾವ ಒಬ್ಬಾವ ಧಾರವಾಡಕ್ಕ ನಡಕೋತ ಹೋಗೂ ಹಾಡೊಂದೈತಿ ಅವರದು, 'ಕಡೀ ಬಸ್ಸ' ಅಂತ. ಅದನ್ನ ಕೇಳಲಾರದವ ಈ ಎರಡೂ ಊರಾಗ ಸಿಗೂದಿಲ್ಲ. ತೊಂಬತ್ತೆಂಟನೇ ಇಸ್ವ್ಯಾಗ ಧಾರವಾಡದ ಒಂದು ಕಾಲೇಜ ಮೈದಾನದಾಗ ಅವರ ದೊಡ್ಡ ಕಾರ್ಯಕ್ರಮ ಆತು, ಅದರ ಕ್ಯಾಸೆಟ್ ಬಂತು. ಕ್ಯಾಸೆಟ್ಟಿನ್ಯಾಗ 'ಕಡೀ ಬಸ್ಸ' ಮುಗೀತೈತಿ, ಒಂದು ಗಳಿಗಿ ಎಲ್ಲಾ ಸುಮ್ಮ, ಆಮ್ಯಾಲ ಒಂದು ಹೆಣ್ಣು ದನಿ 'ಒನ್ಸ್ ಮೋರ್' ಅಂತ ಒದರ್ತೈತಿ, ಅದರ ಹಿಂದ ಇಡೀ ಮೈದಾನ ಹೋ ಅಂತೈತಿ. ಹಾಡಿಗಿಂತ ಆ ಒದರೂದಽ ಹೆಚ್ಚು ಹೆಸರಾತು. ಮಂದಿ ಅದನ್ನ ರಿಂಗ್‌ಟೋನ್ ಮಾಡಿಕೊಂಡಾರ.

ಆ ದನಿ ರಜನಿದು. ಅಂದ್ರ, ಫೋಟೋ ಬರೂ ತನಕ ರಜನಿದಾಗಿತ್ತು.

ಕಂಪನಿ ನಾಟಕ ನೋಡಿದವರಿಗೆ ಇದರ ಗಮ್ಮತ್ತು ಬ್ಯಾರೆ ಹೇಳಬೇಕಾಗಿಲ್ಲ. ಹಾಡು ಮನಸಿಗೆ ಬಂತಂದ್ರ ಮಂದ್ಯಾಗಿಂದ ಒಬ್ಬರು ಒನ್ಸ್ ಮೋರ್ ಅಂತ ಒದರಬೇಕು. ಒಬ್ಬರು ಒದರಿದ್ರ ಉಳಿದವರು ದನಿ ಕೂಡಸ್ತಾರ. ಆಗ ನಟ ಸತ್ತು ಬಿದ್ದಿದ್ರೂ ಎದ್ದು, ಮತ್ತೊಮ್ಮಿ ಹಾಡಿ, ಮತ್ತೊಮ್ಮಿ ಸಾಯಬೇಕು. ಅದು ನಮ್ಮ ಕಡೆ ಕಾಯ್ದೆ. ಆವತ್ತು ಮೈದಾನದಾಗ ಗಿಟಾರ್ ಗದ್ದಲ ಮುಗಿದ ಮ್ಯಾಲ ಧಾರವಾಡದ ಮಂದಿ ಚಪ್ಪಾಳಿ ಹೊಡೀಬೇಕೋ ಪೊಲೀಸರಿಗೆ ಫೋನ್ ಹಚ್ಚಬೇಕೋ ತಿಳೀಲಾರದ ಕೈ ಕಟಗೊಂಡು ಕುಂತಿತ್ತು. ಹತ್ತೊಂಬತ್ತು ವರ್ಷದ ರಜನಿಗೆ ತಡಕೊಳ್ಳಾಕ ಆಗಲಿಲ್ಲ. ಅಜ್ಜಿ ಜೋಡಿ ಕುಂತು ನೋಡಿದ ನಾಟಕದ ರೂಢಿ, ಎದ್ದು ನಿಂತು ಒದರಿಬಿಟ್ಲು. ಮಂದಿ ದನಿ ಕೂಡಿಸಿತು, ಹುಡುಗರು ಮತ್ತ ಹಾಡಿದ್ರು. ಮುಂದ ಕ್ಯಾಸೆಟ್ ಬಂತು, ಅದೇ ಹಾಡು, ಅದೇ ಜಾಗಾ, ಹೆಣ್ಣು ದನಿ. ಗೆಳತೇರು 'ನೀನಽ ಅಲ್ಲೇನ ಇದು' ಅಂದ್ರು. ಈಕಿ 'ನಾನಽ' ಅಂದ್ಲು. ಇದರಾಗ ಸುಳ್ಳು ಎಲ್ಲಿ ಬಂತು, ನೀವಽ ಹೇಳ್ರಿ. ಅಂದಿನಿಂದ ಆಕಿ ಒನ್ಸ್ ಮೋರ್ ರಜನಿ.

ಈಗ ಈ ಪುಸ್ತಕ. ಬ್ಯಾಂಡಿನ ಸೌಂಡಿನ ಕೆಲಸ ನೋಡಿಕೊಂಡಿದ್ದ ತ್ರ್ಯಂಬಕ ಅನ್ನಾಂವ ಪರದೇದ ಹಿಂದಿನ ಕತಿ ಎಲ್ಲಾ ಬರದು 'ವಾಯರ್ ಸುತ್ತಿದವ' ಅಂತ ಅಚ್ಚು ಹಾಕ್ಸಿದ್ದ. ಫೋಟೋದಾಗಿನ ಪುಟ ಹಿಂಗಿತ್ತು: 'ಕ್ಯಾಸೆಟ್ಟಿನಲ್ಲಿ ಕೇಳುವ ಜನರ ಗದ್ದಲ ಮೈದಾನದ್ದಲ್ಲ. ಜನರ ಕಡೆಗೆ ನಾವು ಮೈಕನ್ನೇ ಇಟ್ಟಿರಲಿಲ್ಲ. ಆಮೇಲೆ ಹುಬ್ಬಳ್ಳಿ ಹತ್ತಿರದ ತಾರಿಹಾಳದಲ್ಲಿ ದಸ್ತಗೀರಸಾಬರ ಲೇಥ್ ಶೆಡ್ಡಿನಲ್ಲಿ ಕೆಲಸಗಾರರನ್ನು ನಿಲ್ಲಿಸಿ ಚಪ್ಪಾಳೆ ಹೊಡೆಸಿದೆವು. ಎಲ್ಲರೂ ಮೆಚ್ಚಿದ ಆ ಒನ್ಸ್ ಮೋರ್ ದಸ್ತಗೀರಸಾಬರ ಹೆಂಡತಿ ಶಮೀಮಕ್ಕನದು.'

ರಜನಿ ಓದಿದ್ಲು. ಮತ್ತೊಮ್ಮಿ ಓದಿದ್ಲು. ಅಷ್ಟರಾಗ ಗುರುಶಿದ್ದಪ್ಪನ ಫೋನ್ ಬಂತು. ಈ ಗುರುಶಿದ್ದಪ್ಪ ಧಾರವಾಡದ ಬಾಜೂಕಿನ ಬೇಲೂರು ಕೈಗಾರಿಕಾ ಪ್ರದೇಶದಾಗ ಒಂದು ಪಂಪಿನ ಫ್ಯಾಕ್ಟರ್ಯಾಗ ಸುಪರವೈಜರ್, ಗುಂಪಿನ್ಯಾಗ ಆಕಿ ಜೋಡಿ ಇನ್ನೊಬ್ಬ ಅಡ್ಮಿನ್.

"ಅಕ್ಕಾರ, ಮನಸಿಗೆ ಹಚಗೋಬ್ಯಾಡ್ರಿ. ಆದ್ರೂ ಒಂದು ಮಾತು. ಖರೇ ಹೇಳ್ರಿ, ಆ ದನಿ ನಿಮ್ಮದಲ್ಲೇನ್ರಿ?"

"ಪುಸ್ತಕ ಓದಿಯೇನಪಾ?"

"ಎಲ್ಲಿ ಟೈಮ್ ಐತ್ರೀ ಅಕ್ಕಾರ. ಫೋಟೋ ನೋಡೇನಲ್ರೀ."

ಎತ್ತು ಈದೈತಿ ಅಂದ್ರ ಕೊಟ್ಟಿಗ್ಯಾಗ ಕಟ್ಟು ಅನ್ನೂ ಮಂದಿ ಇದು. ಇಡೀ ಬಳಗದಾಗ ಒಬ್ಬರೂ ಪುಸ್ತಕ ಓದಿದ್ದಿಲ್ಲ. ಪಂಢರಿನಾಥ ಅನ್ನಾಂವ ಪುಸ್ತಕಾ ಚೌಕದಾಗ ಸುಡೂಣು ಅಂತ ಹಾಕಿದ. ಹಂಗಾರ ಯಾರರ ಒಂದು ಪ್ರತಿ ಕೊಂಡು ತರ್ರಿ ಅಂದ್ರ ಎಲ್ಲಾರೂ ಸುಮ್ಮನಾದ್ರು. ಮತ್ತೊಬ್ಬಾವ ಇನ್ನೊಂದು ಪುಟದ ಫೋಟೋ ಬಿಟ್ಟ: ಹಾಡುಗಾರ ಸುಶ್ರುತ ಜೀವಮಾನದಾಗ ಒಮ್ಮಿನೂ ಹುಬ್ಬಳ್ಳಿಯಿಂದ ಧಾರವಾಡಕ್ಕ ನಡದಿಲ್ಲ, ಅಪ್ಪನ ಕಾರಿನ್ಯಾಗ ಓಡಾಡ್ತಿದ್ದ ಅಂತ. ಅಯ್ಯಯ್ಯ, ಆವಾಗ ಎದ್ದ ಬೊಬ್ಬಿ ಏನು ಕೇಳ್ತೀರಿ. ಯಾಕಂದ್ರ ಈ ಖೋಡಿಗೋಳು ಆ ಹಾಡಿನ ನೆನಪಿಗೆ ಪ್ರತಿ ವರ್ಷ ಹುಬ್ಬಳ್ಳಿಯಿಂದ ಧಾರವಾಡಕ್ಕ ಪಾದಯಾತ್ರೆ ಮಾಡ್ತಾವ, ಕಾಲಾಗ ಬೊಕ್ಕಿ ಎಬ್ಬಿಸಿಕೊಂಡು. 'ಹಂಗಾರ ನಾವು ಯಾಕ ನಡದ್ವಿ' ಅಂತ ಪಂಢರಿನಾಥ ಅಳೂ ಮಾರಿ ಹಾಕಿದ. ನೀ ಯಾಕ ನಡದಿ ಅನ್ನೂದು ಸುಶ್ರುತಗ ಹೆಂಗ ಗೊತ್ತಿರಬೇಕೋ ಮಬ್ಬ, ಅಂತ ರಜನಿ ಬೆರಳಾಡಿಸಿ ಬರದು, ಅಳಿಸಿ, ಮೊಬೈಲ್ ಹಿಟ್ಟಿನ ಡಬ್ಬಿ ಹಿಂದ ಸರಿಸಿದ್ಲು.

ಸಂಜೀಕ ಗುರುಶಿದ್ದಪ್ಪ ಮತ್ತ ಫೋನ್ ಹಚ್ಚಿದ. ಎರಿಮಣ್ಣದಾಗ ಉಳಿದ ಮೂರು ಮಂದಿ ಭಾಳ ವರ್ಷದ ಮ್ಯಾಲ ಕೂಡಿ ಬರೂ ರವಿವಾರ ಹುಬ್ಬಳ್ಯಾಗ ಹಾಡಾವರಿದ್ರು. 'ಕಡೀ ಬಸ್ಸ' ಮುಗಿದ ಮ್ಯಾಲ ಮುಂದಿನ ಸಾಲಿನ್ಯಾಗಿಂದ ರಜನಿ ಎದ್ದು ಒದರಬೇಕು ಅಂತ ಮೊದಲಽ ಮಾತಾಗಿತ್ತು.

"ಅಕ್ಕಾರ, ಅದನ್ನ ಸದ್ಯಕ್ಕ ತಡೀರಿ. ಕಮಿಟಿ ವಿಚಾರ ಮಾಡಾಕತ್ತೈತಿ."

"ಯಾವ ಕಮಿಟಿ?"

"ನಾನೂ, ಪಂಢರಿ."

ಈಕಿ ಫೋನ್ ಕಟ್ ಮಾಡಿದ್ಲು. ಬಳಗ ಹಾಳಾಗಿ ಹೋಗ್ಲಿ, ಆಕಿಗೆ ಅದರ ಚಿಂತಿ ಇದ್ದಿಲ್ಲ. ಮಾರನೇ ದಿನಾ ಪ್ಯಾಟಿಗೆ ಹೋಗಿ ಪುಸ್ತಕಾ ಕೊಂಡು ತಂದು ಒಂದು ಅಕ್ಷರಾ ಬಿಡಲಾರದ ಓದಿದ್ಲು. ವಾಯರ್ ಕತಿ ಇತ್ತು, ಫ್ಯೂಜ್ ಸುಟ್ಟ ಕತಿ ಇತ್ತು, ಸುಶ್ರುತ ಸ್ಟೇಜ್ ಹತ್ತೂಕಿಂತ ಮೊದಲ ಹೆದರಿ ವಾಂತಿ ಮಾಡಿಕೊಂಡಿದ್ದಿತ್ತು. ಮೈದಾನದಾಗ ಮೊದಲ ಒದರಿದ ಹುಡುಗಿ ಬಗ್ಗೆ ಒಂದು ಸಾಲು ಇದ್ದಿಲ್ಲ. ತ್ರ್ಯಂಬಕನ ನಂಬರ್ ಹುಡಕಿ ಫೋನ್ ಮಾಡಿದ್ಲು.

"ನನಗ ನೆನಪಿಲ್ರೀ ಮೇಡಮ್ಮರ," ಅಂದ ಅಂವ. "ನಾ ಮಂದೀನ ನೋಡಿದಾವಲ್ಲ, ವಾಯರ್ ನೋಡಿದಾವ. ಸುಶ್ರುತ ಕಣ್ಣು ಮುಚ್ಚಿ ಹಾಡ್ತಿದ್ದ. ಎತ್ತರದ ಮ್ಯಾಲ ಕುಂತು ಮಂದೀನ ನೋಡಾಂವ ಡ್ರಮ್ಮಿನ ಮುಜಾಫರ ಒಬ್ಬಾವ, ಅಂವ ತೀರಿಕೊಂಡು ಮೂರು ವರ್ಷಾತು. ಬೇಕಾರ ಶಮೀಮಕ್ಕನ್ನ ಕೇಳ್ರಿ. ರೆಕಾರ್ಡಿಂಗ್ ಆಗಿದ್ದು ಅವರ ಮನಿ ಬಾಜೂಕಽ."

ಕೇಳಬೇಕು ಅಂತ ಆವಾಗ ಆಕಿಗೆ ಅನಿಸಲಿಲ್ಲ. ಅನಿಸಿದ್ದು ಬೀಗರ ಮನ್ಯಾಗ ಒಂದು ಕೂಸಿನ ತೊಟ್ಲದ ಕಾರ್ಯಕ್ರಮ ಆದ ಮ್ಯಾಲ.

ರಜನಿ ಗಂಡ ನೀಲಕಂಠಪ್ಪ ಹತ್ತಿ ವ್ಯಾಪಾರದ ಮನ್ಯಾಂವ. ಕಡಿಮಿ ಮಾತಿನ ಮನಶ್ಯಾ. ಇಡೀ ಆಯುಷ್ಯದಾಗ ಅಂವ ಹೇಳೂ ಕತಿ ಒಂದಽ: ಆವತ್ತು ಆ ಮೈದಾನದಾಗ ಅಂವನೂ ಇದ್ದ, ಎರಡು ಸಾಲು ಮುಂದ. ಹಿಂದಿಂದ ಒಂದು ಹುಡುಗಿ ಒದರಿದ್ಲು, 'ಯಾರಪಾ ಈಕಿ' ಅಂತ ಹೊಳ್ಳಿ ನೋಡಿದ, ಆಮ್ಯಾಲ ಊರೆಲ್ಲಾ ವಿಚಾರಿಸಿ ಹಿರೇರನ್ನ ಆಕಿ ಮನೀಗೆ ಕಳಿಸಿದ. ಪ್ರತಿ ಮದುವ್ಯಾಗ, ಪ್ರತಿ ಗೃಹಪ್ರವೇಶದಾಗ ಈ ಕತಿ ಹೇಳಾಂವ. ಹೇಳಿ ಮುಗದ ಮ್ಯಾಲ ಕಿಸೇದಾಗಿನ ಮೊಬೈಲ್ ತಗದು ಕ್ಯಾಸೆಟ್ಟಿಂದು ಹಚ್ಚಿ, 'ಕೇಳ್ರಿ, ಇದಽ ದನಿ' ಅನ್ನಾಂವ. ರಜನಿ ನಾಚಿದಂಗ ಮಾಡಿ ಒಳಗ ಹೋಗಾಕಿ. ಮಂದಿ ಕೇಳಿದ್ರ ಒಮ್ಮೊಮ್ಮಿ ಒದರಿನೂ ತೋರಿಸಾಕಿ, ಕ್ಯಾಸೆಟ್ಟಿನ್ಯಾಗ ಇದ್ದಂಗ, ನುಣುಪಾಗಿ.

ತೊಟ್ಲದ ಕಾರ್ಯಕ್ರಮದಾಗ ಊಟಕ್ಕಿಂತ ಮೊದಲ ಯಾವನೋ ಹುಡುಗ ಕೇಳಿದ, "ಕಾಕಾ, ಕಾಕು ನಿಮಗ ಹೆಂಗ ಸಿಕ್ಕರು, ಹೇಳ್ರಲಾ." ನೀಲಕಂಠಪ್ಪ ಕಿಸೇಕ ಕೈ ಹಾಕಿದ. ತಗೀಲಿಲ್ಲ. "ಇರ್ಲಿ ಬಿಡೋ, ಪಂಕ್ತಿ ಆಗೈತಿ, ನಡೀರಿ ಊಟಕ್ಕ" ಅಂದ. ಬಾಗಲಾಗ ನಿಂತಿದ್ದ ರಜನಿ ಕೇಳಿದ್ಲು.

ಮನೀಗೆ ಬಂದ ಕೂಡಲೇ ತಡವಿದ್ಲು. "ಯಾಕ್ರೀ, ಹೇಳಾಕ ನಾಚಿಕಿ ಬಂತೇನು? ನನ್ನ ಮ್ಯಾಲ ನಂಬಿಕಿ ಹೋತೇನು?"

"ಹಂಗಲ್ಲ ಬಿಡ."

"ಹಂಗಲ್ಲಂದ್ರ ಹೆಂಗ? ಹತ್ತಿ ಮಾರ್ಕೆಟ್ಟಿನ್ಯಾಗ ನಿಮಗ ಡಬ್ಬಿಂಗ್ ಸಾವಕಾರ್ರು ಅಂತ ಚಾಷ್ಟಿ ಮಾಡಿದ್ರಂತ ಹೌದಿಲ್ಲೋ? ಅದಕ್ಕ?"

ನೀಲಕಂಠಪ್ಪ ಕಿಸೇದಾಗಿನ ಮೊಬೈಲ್ ತಗದು ಬಾಜೂಕ ಇಟ್ಟ. ಆಮ್ಯಾಲ ಹೇಳಿದ, "ಅವರು ಏನರ ಅನ್ಲಿ. ನಾ ಹೊಳ್ಳಿ ನೋಡಿದ್ದು ಖರೇ. ದನಿ ಕೇಳಿ ಹೊಳ್ಳಿದ್ದೂ ಖರೇ. ಆದ್ರ ಈಗ ಆ ದನಿ ನೆನಸಾಕ ಹೋದ್ರ ಕ್ಯಾಸೆಟ್ಟಿಂದಽ ಬರ್ತೈತಿ. ನಿಂದು ಬರವಲ್ದು, ರಜನಿ. ನಾ ಏನ ಕೇಳಿದ್ದೆ ಅನ್ನೂದು ನನಗಽ ತಿಳೀವಲ್ದು."

ಅಂವ ಸುಳ್ಳಾಡಿದ್ರ ಜಗಳಾ ಮಾಡಬಹುದಿತ್ತು. ಅಂವ ಖರೇ ಹೇಳಿದ್ದ. ರಜನಿ ಬಟ್ಟಿ ಒಣಾ ಹಾಕಾಕಂತ ಮಾಳಗೀಗೆ ಹೋಗಿ, ಆವತ್ತಿನ ತನ್ನ ದನಿ ನೆನಸಾಕ ನೋಡಿದ್ಲು. ಹಾಳಾದ್ದು, ಆಕಿಗೂ ಕ್ಯಾಸೆಟ್ಟಿಂದಽ ಬಂತು. ಖರೇನ ಒದರಿದ್ನೋ, ಇಲ್ಲಾ ಕ್ಯಾಸೆಟ್ ಕೇಳಿ ಕೇಳಿ ಒದರೇನಿ ಅಂತ ತಿಳಕೊಂಡ್ನೋ ಅಂತ ತನ್ನ ಮ್ಯಾಲ ತನಗಽ ಸಂಶೇ ಬಂತು. ಅಡಕಿಗೆ ಹೋದ ಮಾನ ಆನಿ ಕೊಟ್ರೂ ಬರೂದಿಲ್ಲ ಅಂತಾರ. ಮಾನ ಹೋದ್ರ ಹೋಗ್ಲಿ, ಒಂದು ಸಂಸಾರ ಆ ಒಂದು ಒದರೂದರ ಮ್ಯಾಲ ನಿಂತಿತ್ತಲ್ಲ, ಅದು ಖೊಟ್ಟಿ ಆದ್ರ ಏನು ಮಾಡಬೇಕು? ಆಕಿಗೆ ಅಳು ಬಂತು, ಅಳಾಕತ್ತಿದ್ದಕ್ಕ ಸಿಟ್ಟು ಬಂತು.

"ನಾಳೆ ನನ್ನ ತಾರಿಹಾಳಕ್ಕ ಕರಕೊಂಡು ಹೋಗ್ರಿ" ಅಂತ ಕೆಳಗ ಇಳದು ಬಂದು ಗಂಡಗ ಅಂದ್ಲು.

ಮರುದಿನಾ ಸ್ಕೂಟರ್ ಮ್ಯಾಲ ಹೋದ್ರು. ದಾರ್ಯಾಗ ಒಂದು ಮಾತಿಲ್ಲ. ದಸ್ತಗೀರಸಾಬರ ಲೇಥ್ ಶೆಡ್ಡು ಹುಡಕೂದೇನು ಕಷ್ಟಾಗಲಿಲ್ಲ, ಅದರ ಬಾಜೂಕಽ ಮನಿ. ನೀಲಕಂಠಪ್ಪ ಹೆಲ್ಮೆಟ್ ಸುದ್ದಾ ತಗೀಲಿಲ್ಲ. "ನಾ ಎದಕ್ಕ ಒಳಗ? ನೀ ಹೋಗಿ ಬಾ. ಲಗೂ ಬಾ ಮತ್ತ, ಹತ್ತಿ ಗಾಡಿ ಬರೂ ಹೊತ್ತು" ಅಂತ ಸ್ಕೂಟರ್ ಮ್ಯಾಲಽ ಕುಂತ.

ಶಮೀಮಕ್ಕ ಪಡಸಾಲ್ಯಾಗ ಮೆಂತೆಪಲ್ಲೆ ಸೋಸಾಕತ್ತಿದ್ಲು. ಅರವತ್ತು ದಾಟಿದ ಹೆಂಗಸು, ದಪ್ಪ ಚಷ್ಮಾ, ಮಾರಿ ಗಂಟು. ರಜನಿ ಹೊಸ್ತಲಾ ದಾಟೂಕಿಂತ ಮೊದಲಽ ಅಂದ್ಲು, "ಬಾ ತಂಗಿ, ಕುಂದರು. ಒದರೂದಿಲ್ಲ, ಮೊದಲಽ ಹೇಳೇನಿ. ಸೆಲ್ಫಿನೂ ಇಲ್ಲ."

"ನಾ ಅದಕ್ಕ ಬಂದಿಲ್ರೀ ಅಕ್ಕಾರ."

"ಎಲ್ಲಾರೂ ಹಂಗಽ ಅಂತಾರ. ಆ ತ್ರ್ಯಂಬಕನ ಕೈ ಮುರೀಲಿ, ಪುಸ್ತಕಾ ಬರದನಂತ! ಮನ್ಯಾಗ ಅನ್ನಾ ಬಸ್ಯಾಕ ಬಿಡವಲ್ರು. ನಿನ್ನಿ ಒಬ್ಬ ಬಂದು ಒದರ್ರಿ ಒದರ್ರಿ ಅಂತ ಜೀವಾ ತಿಂದು, ಒದರ್ಸಿ, ಮೊಬೈಲಾಗ ತುಂಬಕೊಂಡು ಹೋದ. ಕೆಮ್ಮ ಹತ್ತೈತಿ ನನಗ."

"ಅಕ್ಕಾರ, ನಾ ರಜನಿರಿ."

"ಯಾವ ರಜನಿ?"

ತನ್ನ ಹೆಸರು ಗೊತ್ತಿಲ್ಲದವರಿಗೆ ತನ್ನ ಪರಿಚಯ ಮಾಡಿಕೊಡೂ ಪ್ರಸಂಗ ಆಕಿಗೆ ಬಂದಽ ಇದ್ದಿಲ್ಲ. ಪಲ್ಲೆ ಸೋಸಾಕ ತಾನೂ ಕೈ ಹಚ್ಚಿ, ಮೊದಲಿಂದ ಕಡೀತನಕ ಎಲ್ಲಾ ಹೇಳಿದ್ಲು. ಮೈದಾನ, ಕ್ಯಾಸೆಟ್ಟು, ಗಂಡ, ತೊಟ್ಲದ ಕಾರ್ಯಕ್ರಮ. ಶಮೀಮಕ್ಕ ಚಷ್ಮಾದ ಮ್ಯಾಲಿಂದ ನೋಡಿದ್ಲು.

"ಹಂಗಾರ ಇಷ್ಟು ವರ್ಷ ನನ್ನ ದನೀನ ನಿಂದು ಅಂತ ಹೇಳಕೋತ ಅಡ್ಡಾಡಿದಿ."

"ನಂದಽ ಅಂತ ತಿಳಕೊಂಡಿದ್ನಿರಿ."

"ಒದರು ನೋಡೂಣು."

ರಜನಿ ಗಂಟಲಾ ಸರಿ ಮಾಡಿಕೊಂಡು, ಮದುವಿ ಮನ್ಯಾಗ ಒದರೂಹಂಗ ಒದರಿದ್ಲು. ಶಮೀಮಕ್ಕ ಕೈಯಾಗಿನ ಪಲ್ಲೆ ಬಿಟ್ಟು ನಕ್ಕಳು, ನಕ್ಕು ನಕ್ಕು ಕೆಮ್ಮಿದ್ಲು, ಕಣ್ಣಾಗ ನೀರು ಬಂತು. "ಯಾ ಅಲ್ಲಾ, ಇದು ನಂದಽ ಐತೆಲ್ಲೇ ಹುಡುಗಿ! ನನ್ನ ದನಿ ನನಗಽ ಕೇಳ್ಸಾಕ ಹುಬ್ಬಳ್ಳಿಯಿಂದ ಬಂದ್ಯಾ?"

ರಜನಿಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನಿಸ್ತು. ಹೌದು, ಅದು ಶಮೀಮಕ್ಕಂದಽ. ಕೇಳಿ ಕೇಳಿ, ಮಾಡಿ ತೋರಿಸಿ ತೋರಿಸಿ, ತಾನಽ ಅದನ್ನ ಕಲತಿದ್ಲು. ಬರ್ತೇನ್ರೀ ಅಕ್ಕಾರ ಅಂತ ಎದ್ಲು.

"ಕುಂದರು, ಚಾ ಕುಡದು ಹೋಗು. ಬಂದವರನ್ನ ಹಂಗಽ ಕಳಿಸಿದ್ರ ನಮ್ಮವರು ಬೈತಾರ." ಒಳಗ ಹೋಗಿ ಚಾಕ್ಕಿಟ್ಟು, ಅಲ್ಲಿಂದಽ ಮಾತಾಡಾಕ ಚಾಲೂ ಮಾಡಿದ್ಲು. "ಡ್ರಮ್ಮಿನ ಮುಜಾಫರ ನಮ್ಮ ಅಕ್ಕನ ಮಗಾ, ಗೊತ್ತೈತಿಲ್ಲೋ? ಅದಕ್ಕಽ ನಮ್ಮ ಶೆಡ್ಡಿಗೆ ಬಂದ್ರು. ಹೆಣ್ಣುದನಿ ಬೇಕಂದ್ರು, ನಾ ಅಡಗಿ ಬಿಟ್ಟು ಹೋದ್ನಿ. ಒದರಿದ್ನಿ. ಆತಿಲ್ಲಪಾ ಅಂದ್ರ ಆ ಮುಜಾಫರ ಒಪ್ಪವಲ್ಲ. 'ಖಾಲಾ, ಹಂಗಲ್ಲ. ಆವತ್ತು ಮೈದಾನದಾಗ ಒಂದು ಹುಡುಗಿ ಒದರಿದ್ಲು, ಕಡೀಗೆ ಆಕಿ ದನಿ ಒಡದು ಸೀಳಿ ಹೋತು. ಹಂಗ ಬೇಕು.' ನಾ ಎಲ್ಲಿಂದ ಸೀಳಬೇಕು? ಒದರಿದ್ನಿ, ಒದರಿದ್ನಿ, ಒಲಿ ಮ್ಯಾಲಿನ ಬ್ಯಾಳಿ ಸೀದು ಹೋತು. ಆ ಹುಡುಗೀಗೆ ನಾ ಬೈದದ್ದು ಅಷ್ಟಿಷ್ಟಲ್ಲ. ಯಾರ ಹಡದಾರೋ ಇಂಥಾ ಗಂಟಲದಾಕಿನ್ನ ಅಂತ! ಕಡೀಗೆ ಅಂವನಽ ಬ್ಯಾಸತ್ತು, 'ಬಿಡ್ರಿ ಖಾಲಾ, ಆಕಿದು ಯಾರಿಗೂ ಬರೂದಿಲ್ಲ' ಅಂತ ನಂದನ್ನ ಇಟ್ಟ."

ರಜನಿ ಪಲ್ಲೆ ಕೈಯಾಗ ಹಿಡಕೊಂಡಽ ಕುಂತ್ಲು. ಅಂದ್ರ ಒದರಿದ್ದು ಖರೇ. ಒಬ್ಬಾವ ಮ್ಯಾಲ ಕುಂತು ಕೇಳಿದ್ದ, ನೆನಪು ಇಟ್ಟಿದ್ದ. ಆದ್ರ ಆ ಹುಡುಗಿ ತಾನಽ ಅಂತ ಈಗ ಹೇಳಾವರು ಯಾರು? ಹೇಳೂ ಒಬ್ಬಾವ ಹೋಗಿಬಿಟ್ಟಾನ. ಸೀಳೂ ಆ ದನಿ ಈಗ ತನ್ನ ಹತ್ರ ಇಲ್ಲ.

ಮೊಬೈಲ್ ಟಿಣ್ ಅಂತು. ಗುರುಶಿದ್ದಪ್ಪಂದು. 'ಕಮಿಟಿ ನಿರ್ಣಯ: ರವಿವಾರ ಯಾರೂ ಒದರೂದು ಬ್ಯಾಡ, ಕ್ಯಾಸೆಟ್ಟಿನ ಒನ್ಸ್ ಮೋರ್ ಸ್ಪೀಕರಿನ್ಯಾಗ ಹಚ್ಚತೇವಿ. ಸಹಕರಿಸಬೇಕು.' ಅದರ ಹಿಂದ ಕೈ ಮುಗದಿರೂ ಚಿತ್ರಗೋಳು. ಎಂಥಾ ಮಂದಿವ್ವಾ ಇವು! ಎದುರಿಗೆ ಜೀವಂತ ಮನಶ್ಯಾ ಇದ್ದಾಗ ಸ್ಪೀಕರ್ ಹಚ್ಚತಾರಂತ. ಅದನ್ನ ಓದಾಕತ್ತಿದ್ಲು, ಹೊರಗಿಂದ ಹಾರ್ನ್ ಬಂತು. ಪೀಂ. ಆಕಿ ಎರಡನೇ ಸಾಲಿಗೆ ಬಂದ್ಲು, ಪೀಂ ಪೀಂ. ಮೊಬೈಲ್ ಮತ್ತ ಟಿಣ್. ಪೀಂ ಪೀಂ ಪೀಂ.

ರಜನಿ ತಲಿ ಕೆಟ್ಟು ಹೋತು. ಎದ್ದು ಕಿಡಕಿಗೆ ಹೋಗಿ ಇದ್ದ ಸಿಟ್ಟೆಲ್ಲಾ ಕೂಡಿಸಿ ಒದರಿದ್ಲು, "ಬಂದ್ನಿರೀ! ಒಂದೀಟು ತಡಕೊಳ್ರೀ!"

ಕಡೀ ಅಕ್ಷರಕ್ಕ ದನಿ ಒಡದು, ಸೀಳಿ, ಮ್ಯಾಲಕ್ಕ ಹೋಗಿ ನಿಂತಿತು. ಶೆಡ್ಡಿನ್ಯಾಗ ಯಾರೋ ಮಶೀನ್ ಬಂದ್ ಮಾಡಿದ್ರು.

ಶಮೀಮಕ್ಕ ಚಾದ ಕಪ್ಪು ಹಿಡಕೊಂಡು ಬಾಗಲಾಗ ನಿಂತಿದ್ಲು. ಚಾ ಕೆಳಗಿನ ಬಸ್ಯಾಗ ಚೆಲ್ಲಿತ್ತು. "ನೀನಽನ?" ಅಂದ್ಲು. ಮತ್ತ ಅಂದ್ಲು, "ನೀನಽ ಏನ ಆಕಿ? ಆ ದಿನಾ ನನ್ನ ಬ್ಯಾಳಿ ಸುಟ್ಟಾಕಿ ನೀನಽನ?" ಕಪ್ಪು ನೆಲಕ್ಕಿಟ್ಟು ಬಂದು ಎರಡೂ ಕೈಲೆ ಆಕಿ ಗಲ್ಲಾ ಹಿಡದ್ಲು. "ಮುಜಾಫರ ಇರಬೇಕಿತ್ತವಾ. ಇದಽ ಬೇಕಾಗಿತ್ತು ಅವಗ."

ರಜನಿಗೆ ಏನಾತಂತ ಇನ್ನೂ ಪೂರಾ ತಿಳದಿದ್ದಿಲ್ಲ. ಹಾರ್ನ್ ನಿಂತಿತ್ತು, ಅಷ್ಟು ತಿಳೀತು. ಹೊಳ್ಳಿ ನೋಡಿದ್ರ ನೀಲಕಂಠಪ್ಪ ಹೊಸ್ತಲದಾಗ ನಿಂತಿದ್ದ, ತಲಿ ಮ್ಯಾಲ ಹೆಲ್ಮೆಟ್ಟು, ಕೈಯಾಗ ಸ್ಕೂಟರ್ ಕೀಲಿ.

"ಯಾರು ಇವರು?" ಅಂದ್ಲು ಶಮೀಮಕ್ಕ.

"ನಮ್ಮನಿಯವರ್ರಿ."

ಅಂವ ಶಮೀಮಕ್ಕಗ ನಮಸ್ಕಾರ ಮಾಡೂದೂ ಮರತಿದ್ದ. ಹೆಂಡತಿನ್ನಽ ನೋಡಕೋತ ನಿಂತಿದ್ದ. "ಇದಽ" ಅಂದ. "ಕಡೀಗೆ ಹಿಂಗಽ ಸೀಳಿತ್ತು. ಇದಕ್ಕಽ ನಾ ಹೊಳ್ಳಿ ನೋಡಿದ್ದು." ಜೀವಮಾನದಾಗ ಎಲ್ಲೂ ದನಿ ಏರಿಸಲಾರದ ಮನಶ್ಯಾ, ಯಾರಿಗೂ ಕೇಳಿಸಬಾರದು ಅನ್ನೂಹಂಗ ಸಣ್ಣಗ ಅಂದ, "ಒನ್ಸ್ ಮೋರ್."

ಇಷ್ಟು ದಿನಾ ನುಂಗಿಕೊಂಡಿದ್ದು ಎಲ್ಲಾ ರಜನಿ ಬಾಯಿಗೆ ಬಂತು.

"ಒನ್ಸ್ ಮೋರ್ ಅಂತ ಒನ್ಸ್ ಮೋರ್! ನನ್ನ ಜೀವಾ ಹಿಂಡಿ ಹಿಪ್ಪಿ ಮಾಡಿ ಈಗ ಬಂದಾರ ಒನ್ಸ್ ಮೋರ್ ಅನ್ನಾಕ! ತೊಟ್ಲದ ಮನ್ಯಾಗ ಕಿಸೇಕ ಕೈ ಹಾಕಿ ತಗೀಲಿಲ್ಲ, ಆವಾಗ ಎಲ್ಲಿ ಹೋಗಿತ್ತು ಈ ನೆನಪು? ದಾರಿ ತುಂಬ ಒಂದು ಮಾತು ಆಡಲಿಲ್ಲ! ಮನಶ್ಯಾರೇನ್ರೀ ನೀವು?" ಒಂದೊಂದು ಸಾಲಿನ ಕಡೀಗೂ ದನಿ ಒಡೀತಿತ್ತು, ಆಕಿಗೆ ಅದರ ಖಬರಿಲ್ಲ. ಶಮೀಮಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಗಾಕತ್ತಿದ್ಲು. ಶೆಡ್ಡಿನ ಬಾಗಲಾಗ ನಾಕು ಮಂದಿ ಬಂದು ನಿಂತಿದ್ರು.

ನೀಲಕಂಠಪ್ಪ ಚಪ್ಪಲಿ ಬಿಟ್ಟು ಒಳಗ ಬಂದ. ಹೆಲ್ಮೆಟ್ ತಗದು ತೊಡಿ ಮ್ಯಾಲ ಇಟಗೊಂಡು, ಗ್ವಾಡಿಗೆ ಬೆನ್ನು ಹಚ್ಚಿ, ಹತ್ತಿ ಗಾಡಿ ಬಂದ್ರ ಬರ್ಲಿ ಅಂತ ಆಕಿ ಬೈಯೂದನ್ನ ಕೇಳಕೋತ ಕುಂತ.